ಎರಡನೆಯ ಏಟು

ನವರಾತ್ರಿಯ ಮೊದಲನೆಯ ದಿನ ಮಧ್ಯಾಹ್ನ ನಾನು ನನ್ನ ಅಳಿಯನ ಬಲಗೈ ಮಣಿಕಟ್ಟು ಮುರಿದೆ. ಚಪಾತಿ ಲಟ್ಟಿಸುತ್ತಿದ್ದೆನಾದ್ದರಿಂದ ಲಟ್ಟಣಿಗೆ ಕೈಯಲ್ಲೇ ಇತ್ತು. ಎರಡು ಏಟು ಹೊಡೆದೆ. ಮೊದಲನೆಯದಕ್ಕೆ ಕಾರಣವಿತ್ತು. ಎರಡನೆಯದರ ವಿಷಯವನ್ನು ಬರೆಯಬೇಕೆಂದು ಎಷ್ಟೋ ವರ್ಷದಿಂದ ಅಂದುಕೊಂಡು, ಈಗ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾ ಕೂತಿದ್ದೇನೆ.

ಇದು ನಡೆದದ್ದು ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ, ಕಾರು ಫ್ಯಾಕ್ಟರಿಗಳು ದಿನಬೆಳಗಾದರೆ ಜನರನ್ನು ಮನೆಗೆ ಕಳಿಸುತ್ತಿದ್ದ ರಿಸೆಷನ್ ಕಾಲದಲ್ಲಿ. ನಮ್ಮ ಸಾಲಿನಲ್ಲೇ ಕಂತು ಕಟ್ಟಲಾರದ ಎರಡು ಮನೆಗಳ ಮುಂದೆ ಬ್ಯಾಂಕಿನ ಬೋರ್ಡು ನೆಟ್ಟಿದ್ದರು. ಅಳಿಯ ಧಾರವಾಡದ ಕಡೆಯವರು, ಮೆಕ್ಯಾನಿಕಲ್ ಇಂಜಿನಿಯರ್. ವಿಕ್ಸಮ್‌ನ ಒಂದು ಬ್ರೇಕ್ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ ದುಡಿದು, ಫೆಬ್ರವರಿಯ ಒಂದು ಬೆಳಿಗ್ಗೆ ರಟ್ಟಿನ ಡಬ್ಬ ಹಿಡಿದುಕೊಂಡು ವಾಪಸ್ಸು ಬಂದವರು. ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿದ್ದಳು. ಅವಳ ಕೆಲಸ ಉಳಿದಿತ್ತು. ಜೊತೆಗೆ ಕೆಲಸ ಕಳೆದುಕೊಂಡವರ ಪಾಲಿನದೂ ಅವಳ ತಲೆಗೇ ಬಂದಿತ್ತು. ಆರು ವರ್ಷದ ಮೊಮ್ಮಗಳನ್ನು ನೋಡಿಕೊಳ್ಳಲು ನಾನು ಮೈಸೂರಿನಿಂದ ಬಂದಿದ್ದೆ.

ಆ ಶನಿವಾರ ಮಗಳೂ ನಾನೂ ಹಾಲಿನಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಏಳು ಮೆಟ್ಟಿಲಾಗಿ ಜೋಡಿಸಿ, ಮೇಲೆ ಬಿಳಿ ಪಂಚೆ ಹಾಸಿ, ಬೊಂಬೆ ಕೂರಿಸುತ್ತಿದ್ದೆವು. ಪಟ್ಟದ ಬೊಂಬೆಗಳನ್ನೂ ಮಣ್ಣಿನ ಶೆಟ್ಟಿ ದಂಪತಿಯನ್ನೂ ನಾನು ಸೀರೆಗಳಲ್ಲಿ ಸುತ್ತಿ ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದೆ. ನಾನು ಅಡುಗೆಮನೆಗೆ ಹೋಗಿ ಹಿಟ್ಟು ಹಚ್ಚಿಕೊಂಡು ನಿಂತಿದ್ದಾಗ ಅಳಿಯ ಬಂದರು. ಎಲ್ಲೋ ಇಂಟರ್ವ್ಯೂಗೆ ಕರೆದಿದ್ದರು. ಶನಿವಾರವಾದರೇನು, ಕರೆದರಲ್ಲ ಸಾಕು ಎಂದು ಕೋಟು ಹಾಕಿಕೊಂಡು ಹೋಗಿದ್ದವರು, ಕೋಟು ಬಿಚ್ಚದೆ ಸೋಫಾದ ಮೇಲೆ ಕೂತರು.

"ಹೇಗಾಯ್ತು?" ಎಂದಳು ಮಗಳು.

"ಆತು."

"ಆಯ್ತು ಅಂದ್ರೆ?"

"ಆತು ಅಂದ್ರ ಆತು. ಮೊನ್ನಿ ಮೊನ್ನಿ ಕಾಲೇಜ್ ಮುಗಿಸಿದಂವಾ, ಕಾಲ್ ಮ್ಯಾಲೆ ಕಾಲ್ ಹಾಕ್ಕೊಂಡು, ನಿಮಗ ಈ ಪೋಸ್ಟು ಸಣ್ಣದಾಗೂದಿಲ್ಲೇನು ಅಂತ ಕೇಳಿದಾ."

"ಸಣ್ಣದಾದ್ರೂ ಮಾಡ್ತೀನಿ ಅನ್ನಬೇಕಿತ್ತು. ಸರಿ, ಆ ಮೇಲಿನ ಪೆಟ್ಟಿಗೆ ಸ್ವಲ್ಪ ಸರಿಸಿಕೊಡಿ. ಇಡೀ ದಿನ ಮನೇಲೇ ಇರ್ತೀರಾ, ಇಷ್ಟೂ ಆಗಲ್ವಾ?"

ಅವರು ಎದ್ದು ಬಂದು ಮೆಟ್ಟಿಲಿಗೆ ಒದ್ದರು. ಏಳೂ ಮೆಟ್ಟಿಲು ಒಮ್ಮೆಗೇ ಕುಸಿದವು. ಮಣ್ಣಿನ ಶೆಟ್ಟಿ ಅಂಗಡಿಯ ಸಮೇತ ಚೂರಾದ. ಅವನ ಮುಂದೆ ಹರಡಿದ್ದ ಅಕ್ಕಿ ಬೇಳೆ ಹೆಸರುಕಾಳು ಕಾರ್ಪೆಟ್ಟಿನ ತುಂಬ ಚೆಲ್ಲಿತು. ಮಗಳು ಅವರ ಕೋಟು ಹಿಡಿದೆಳೆದಳು. ಅವರು ತಿರುಗಿದವರೇ ಅವಳ ಕೆನ್ನೆಗೆ ಬಾರಿಸಿದರು. ಕನ್ನಡಕ ಹಾರಿ ಅಡುಗೆಮನೆಯ ಬಾಗಿಲಲ್ಲಿ ನನ್ನ ಕಾಲ ಬಳಿ ಬಿತ್ತು. ಅವಳ ತುಟಿ ಒಡೆದು ರಕ್ತ ಗಲ್ಲಕ್ಕಿಳಿಯಿತು. ಅವರು ಮತ್ತೆ ಕೈಯೆತ್ತಿದರು.

"ಕೈ ಇಳಿಸಿ," ಎಂದೆ. ಅಳಿಯಂದಿರನ್ನು ಏಕವಚನದಲ್ಲಿ ಕರೆಯುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ.

ಇಳಿಸಲಿಲ್ಲ. ಎತ್ತಿದ ಆ ಕೈಗೆ ಲಟ್ಟಣಿಗೆ ಬೀಸಿದೆ. ಕೈ ಇಳಿಯಿತು. ಅವರು ಮಣಿಕಟ್ಟು ಹಿಡಿದುಕೊಂಡು ಕಾಳುಗಳ ಮೇಲೆ ಮಂಡಿಯೂರಿ ಕೂತುಬಿಟ್ಟರು. ಅಲ್ಲಿಗೆ ಮುಗಿಯಬೇಕಿತ್ತು. ನಾನು ಇನ್ನೊಂದು ಹೆಜ್ಜೆ ಮುಂದಿಟ್ಟು, ತೋಳನ್ನು ಹೆಗಲವರೆಗೂ ಎತ್ತಿ, ಅದೇ ಜಾಗಕ್ಕೆ ಇನ್ನೊಂದು ಹೊಡೆದೆ. ಈ ಸಲದ ಸದ್ದು ಬೇರೆಯಾಗಿತ್ತು, ಒಣಗಿದ ತೊಗರಿ ಕಡ್ಡಿ ಮುರಿದ ಹಾಗೆ. ಅವರ ಕರಿ ಕೋಟಿನ ತೋಳಿನ ಮೇಲೆ ಗೋಧಿ ಹಿಟ್ಟಿನ ಪಟ್ಟೆ ಬಿತ್ತು.

ಮಹಡಿ ಮೆಟ್ಟಿಲ ಮೇಲೆ ನಿಂತಿದ್ದ ಮೊಮ್ಮಗಳು "ಸ್ಟಾಪ್ ಇಟ್," ಎಂದಳು. ಅವಳು ನೋಡುತ್ತಿದ್ದದ್ದು ಅಪ್ಪನನ್ನಲ್ಲ, ನನ್ನನ್ನು.

ಎಮರ್ಜೆನ್ಸಿಯಲ್ಲಿ ಅಳಿಯ, ಹಬ್ಬದ ಡೆಕೋರೇಷನ್ ಕಟ್ಟುವಾಗ ಸ್ಟೂಲಿನಿಂದ ಬಿದ್ದೆ ಎಂದರು. ನರ್ಸು ಮಗಳ ತುಟಿ ನೋಡಿದಳು. ನಾನು ಹಿಡಿದುಕೊಳ್ಳಲು ಹೋದೆ, ಇವರ ಮೊಣಕೈ ತಗುಲಿತು ಎಂದಳು ಮಗಳು. ಮದುವೆಯಾದಾಗಿನಿಂದ ಅವರಿಬ್ಬರೂ ಅಷ್ಟು ಒಮ್ಮತದಿಂದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮನೆಗೆ ಬಂದ ಮೇಲೆ ಮಗಳು ಅವರ ದಿಂಬು ಹೊದಿಕೆಯನ್ನು ಬೇಸ್‌ಮೆಂಟಿಗೆ ಎಸೆದಳು.

"ಹದಿನೈದು ದಿನ ಬಿಟ್ಟು ಭಾನುವಾರ ನಂಗೆ ರಜಾ ಇದೆ. ಶಿಕಾಗೋದಲ್ಲಿ ನಿಮ್ಮಣ್ಣನ ಮನೇಗೆ ಬಿಟ್ಟು ಬರ್ತೀನಿ. ಅಲ್ಲೇ ಇರಿ."

"ಎಷ್ಟ್ ದಿನಾ?"

"ಗೊತ್ತಿಲ್ಲ. ವಾಪಸ್ ಕರೀತೀನೋ ಇಲ್ವೋ, ಅದೂ ಗೊತ್ತಿಲ್ಲ."

"ಇರಲಿ ಬಿಡು, ಆದದ್ದು ಆತು."

"ಏನಾಯ್ತು? ಹೇಳಿ ನೋಡೋಣ, ಏನಾಯ್ತು?"

ಅವರು ಪ್ಲಾಸ್ಟರ್ ಹಾಕಿದ ಕೈ ನೋಡುತ್ತಾ ಮೆಟ್ಟಿಲಿಳಿದು ಹೋದರು. ಮಗಳ ಸಂಸಾರ ಉಳಿಯುತ್ತದೋ ಒಡೆಯುತ್ತದೋ ಎಂಬುದಕ್ಕೆ ನಮ್ಮ ಕೈಯಲ್ಲಿದ್ದದ್ದು ಆ ಹದಿನೈದು ದಿನ.

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಯಹೂದಿ ಮುದುಕಿ ಇದ್ದಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಎರಡು ಹಿತ್ತಲಿನ ನಡುವೆ ಬೇಲಿ ಇರಲಿಲ್ಲ. ನಾನು ಕೊತ್ತಂಬರಿಗೆ ನೀರು ಹಾಕುವಾಗ ಅವಳು ಎಲೆ ಗುಡಿಸಲು ಬರುತ್ತಿದ್ದಳು. ಮೂವತ್ತು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಕಲಿತ ಇಂಗ್ಲಿಷು ನನ್ನದು, ಅವಳ ಜೊತೆಗೆ ಸಾಕಾಗುತ್ತಿತ್ತು. ಅವಳ ಮಾತನ್ನು ಇಲ್ಲಿ ನನ್ನ ಭಾಷೆಗೆ ಹಾಕಿಕೊಂಡು ಬರೆಯುತ್ತಿದ್ದೇನೆ.

ಸೋಮವಾರ ಒಂದು ತಟ್ಟೆಯಲ್ಲಿ ಹೆಚ್ಚಿದ ಸೇಬು, ಒಂದು ಬಟ್ಟಲಲ್ಲಿ ಜೇನುತುಪ್ಪ ಹಿಡಿದು ಬಂದಳು. ಅವರ ಹೊಸ ವರ್ಷವಂತೆ. ನಮ್ಮ ನವರಾತ್ರಿ ಶುರುವಾದ ದಿನವೇ ಅದೂ ಶುರುವಾಗಿತ್ತು.

"ಶನಿವಾರ ನಿಮ್ಮ ಮನೆ ಕಿಟಕಿ ತೆಗೆದಿತ್ತು," ಎಂದಳು. "ಪೊಲೀಸರನ್ನ ಕರೆಯೋಣ ಅಂತ ಫೋನ್ ಎತ್ತಿಕೊಂಡೆ. ಅಷ್ಟರಲ್ಲಿ ಗಂಡಸು ಕಿರುಚಿದ್ದು ಕೇಳಿಸ್ತು. ಹಾಗಾದ್ರೆ ಹೆಂಗಸರು ನೋಡ್ಕೋತಿದ್ದಾರೆ ಅಂತ ಇಟ್ಟುಬಿಟ್ಟೆ."

ನಾನು ಎಲ್ಲವನ್ನೂ ಹೇಳಿದೆ. ಅವಳು ಸೇಬು ಜೇನಿಗೆ ಅದ್ದಿ ಅದ್ದಿ ತಿನ್ನುತ್ತಾ ಕೇಳಿದಳು. ಆಮೇಲೆ ತನ್ನ ಹಬ್ಬದ ವಿಷಯ ಹೇಳಿದಳು. ಹೊಸ ವರ್ಷದಿಂದ ಹತ್ತನೆಯ ದಿನಕ್ಕೆ ದೊಡ್ಡ ಉಪವಾಸ, ಯೋಮ್ ಕಿಪ್ಪುರ್. ಅವತ್ತು ದೇವರು ಮುಂದಿನ ವರ್ಷದ ತೀರ್ಪು ಬರೆದು ಮುದ್ರೆ ಒತ್ತುತ್ತಾನೆ. ಅಷ್ಟರೊಳಗೆ ತಪ್ಪು ಒಪ್ಪಿಕೊಳ್ಳಬೇಕು.

"ದೇವರಿಗೆ ತಪ್ಪಾಯ್ತು ಅಂದರೆ ಆಯ್ತಲ್ಲ," ಎಂದೆ.

"ದೇವರ ವಿಷಯದಲ್ಲಿ ಮಾಡಿದ ತಪ್ಪಿಗೆ ದೇವರು. ಮನುಷ್ಯರಿಗೆ ಮಾಡಿದ್ದಕ್ಕೆ ಅವನಿಗೆ ಅಧಿಕಾರ ಇಲ್ಲ. ಹೊಡೆಸಿಕೊಂಡವನ ಮುಂದೇನೇ ಹೋಗಿ ನಿಲ್ಲಬೇಕು. ಬರೀ ಸಾರಿ ಅಂದರೆ ಆಗಲ್ಲ. ಏನು ಮಾಡಿದೆ ಅಂತ ಅದರ ಹೆಸರು ಹಿಡಿದು ಹೇಳಬೇಕು."

"ನಂಗೆ ಪಶ್ಚಾತ್ತಾಪವೇ ಆಗಿಲ್ಲ. ಖುಷಿಯಾಗಿದೆ."

"ಎಷ್ಟು ಏಟು ಹೊಡೆದೆ ಅಂದೆ?"

"ಎರಡು."

"ಮೊದಲನೇದನ್ನ ನಾನು ಕೇಳಲ್ಲ. ಎರಡನೇದು ಯಾಕೆ?"

ನಾನು ಕೊತ್ತಂಬರಿಗೆ ಬೇಕಾದ್ದಕ್ಕಿಂತ ಜಾಸ್ತಿ ನೀರು ಹಾಕಿದೆ. ಆಮೇಲೆ, "ನೀನು ಯಾರಿಗೂ ಹೊಡೆದೇ ಇಲ್ವಾ?" ಎಂದು ತಿರುಗಿಸಿ ಕೇಳಿದೆ.

"ಶಿಕಾಗೋದಲ್ಲಿದ್ದಾಗ ನನ್ನ ತಂಗಿ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಎಸೆದಿದ್ದೆ. ಒಂದು ಕೋಟಿನ ಜಗಳ. ಅವಳ ಹೆಗಲ ಮೇಲೆ ಈಗಲೂ ತ್ರಿಕೋನದ ಕಲೆ ಇದೆ. ಪ್ರತಿ ವರ್ಷ ಈ ಹತ್ತು ದಿನದೊಳಗೆ ಫೋನ್ ಮಾಡಿ, ನಾನು ನಿನ್ನ ಸುಟ್ಟೆ ಅಂತೀನಿ. ಗೊತ್ತು ಅಂತ ಹೇಳಿ ಅವಳು ಇಟ್ಟುಬಿಡ್ತಾಳೆ."

"ಎಷ್ಟು ವರ್ಷದಿಂದ?"

"ಐವತ್ತೆರಡು. ಈ ವರ್ಷದ್ದು ಇವತ್ತು ಬೆಳಿಗ್ಗೆ ಮುಗೀತು."

ಆ ವಾರವೆಲ್ಲ ಬೇಸ್‌ಮೆಂಟಿಗೆ ಊಟ ಒಯ್ಯುವ ಕೆಲಸ ನನ್ನದಾಯಿತು. ಮಗಳು ಒಯ್ಯುವುದಿಲ್ಲ ಎಂದಿದ್ದಳು. ಬಲಗೈ ಇಲ್ಲದವರಿಗೆ ಅನ್ನ ಸಾರು ಕಲಸಿ, ಚಮಚ ಹಾಕಿ ಕೊ‌ಡುತ್ತಿದ್ದೆ. ಮೊದಲ ದಿನ ನನ್ನ ಹೆಜ್ಜೆಯ ಸದ್ದಿಗೇ ಅವರು ಎದ್ದು ಗೋಡೆಗೆ ಒರಗಿ ನಿಂತರು.

"ಇನ್ನೊಂದ್ ಸಲ ಹೊಡ್ಯಾಕ ಬಂದ್ರೇನು, ಅತ್ತೀ?"

"ಊಟ ಮಾಡಿ. ಮೈಗೆ ಸ್ವಲ್ಪ ತಾಕತ್ತು ಬರಲಿ, ಆಮೇಲೆ ನೋಡೋಣ."

ಪಕ್ಕದ ಮನೆಯಾಕೆ ಹೇಳಿದ ನಿಯಮವನ್ನು ಅವರಿಗೆ ಹೇಳಿದೆ. ಮಗಳ ಎದುರು ನಿಂತು ಮಾಡಿದ್ದನ್ನು ಬಾಯಿಬಿಟ್ಟು ಹೇಳಿದರೆ ಏನಾದರೂ ದಾರಿಯಾದೀತು ಎಂದೆ.

"ಅದಕ್ಕ ನಮ್ಮ ಕಡೆ ಬನ್ನಿ ಅದ ಅಲ್ರಿ," ಎಂದರು. "ದಶಮಿ ದಿನ ಬನ್ನಿ ಎಲಿ ಕೊಟ್ರ ಮುಗೀತು. ಹೊಲದ ಸಲುವಾಗಿ ತಲಿ ಒಡಕೊಂಡ ಅಣ್ಣತಮ್ಮಂದಿರು ಅವತ್ತು ತಬ್ಬಿಕೊಂಡದ್ದು ನಾ ಕಣ್ಣಾರೆ ನೋಡೀನಿ. ಹಳೇದು ಯಾರೂ ತಗ್ಯೂದಿಲ್ಲ. ತಗೀಬಾರದು."

ನಿಜ ಹೇಳುತ್ತೇನೆ, ನನಗೂ ಅದೇ ಸರಿಯೆನಿಸಿತು. ಮಾತೇ ಇಲ್ಲದೆ ಮುಗಿಯುವ ಪದ್ಧತಿ. ದೊಡ್ಡವರು ಚಿಕ್ಕವರ ಮುಂದೆ ತಲೆ ಬಾಗಿದರೆ ಚಿಕ್ಕವರ ಆಯುಸ್ಸು ಕಡಿಮೆಯಾಗುತ್ತದೆ ಎಂದು ಕೇಳಿಕೊಂಡೇ ಬೆಳೆದವಳು ನಾನು. ಆ ವಾರ ಅಳಿಯನ ಆಯುಸ್ಸಿನ ಬಗ್ಗೆ ನನಗೇನೂ ಅಂಥ ಕಾಳಜಿ ಇರಲಿಲ್ಲ. ಆದರೂ ತಪ್ಪಾಯ್ತು ಎನ್ನಲು ನಾಲಿಗೆ ಏಳಲಿಲ್ಲ.

ಆ ವರ್ಷ ವಿಜಯದಶಮಿಯೂ ಪಕ್ಕದ ಮನೆಯಾಕೆಯ ಉಪವಾಸವೂ ಒಂದೇ ದಿನ ಬಂದವು. ಅವತ್ತು ಅವಳು ಕಾರು ಹತ್ತುವಂತಿಲ್ಲ, ನೀರು ಕುಡಿಯುವಂತಿಲ್ಲ, ಚರ್ಮದ ಚಪ್ಪಲಿ ಹಾಕುವಂತಿಲ್ಲ. ಪ್ರಾರ್ಥನಾ ಮಂದಿರ ಒಂದೂವರೆ ಮೈಲಿ. ದಾರಿಯಲ್ಲಿ ತಲೆ ಸುತ್ತಿ ಬಿದ್ದಾಳೆಂದು ನಾನು ಜೊತೆಗೆ ಹೊರಟೆ. ಆ ಊರಿನಲ್ಲಿ ನಡೆಯುವವರಿಗೆಂದು ಜಾಗವೇ ಇಲ್ಲ. ಬಟ್ಟೆ ಬೂಟಿನ ಮುದುಕಿ, ರೇಷ್ಮೆ ಸೀರೆಯ ಮುದುಕಿ, ಇಬ್ಬರೂ ಕೈ ಕೈ ಹಿಡಿದು ರಸ್ತೆಯ ಅಂಚಿನ ಹುಲ್ಲಿನ ಮೇಲೆ ನಡೆದೆವು. ಕಾರಿನವರು ಹಾರ್ನ್ ಹೊಡೆದಾಗಲೆಲ್ಲ ಅವಳು ಕೈ ಬೀಸುತ್ತಿದ್ದಳು.

ಒಳಗೆ ನೂರಾರು ಜನ. ಬೇರೆ ವರ್ಷ ಈ ದಿನ ಕೂರಲು ಟಿಕೆಟ್ಟು ಬೇಕಂತೆ, ಆ ವರ್ಷ ಯಾರನ್ನೂ ಕೇಳಲಿಲ್ಲವಂತೆ. ಕೆಲಸ ಹೋದವರು ಅಷ್ಟು ಜನ ಇದ್ದರು. ಒಂದು ಹೊತ್ತಿನಲ್ಲಿ ಎಲ್ಲರೂ ಎದ್ದು ನಿಂತು, ಬಲಗೈ ಮುಷ್ಟಿ ಕಟ್ಟಿ, ಏನೋ ಹೇಳುತ್ತಾ ಎದೆಗೆ ಗುದ್ದಿಕೊಳ್ಳತೊಡಗಿದರು. ಒಂದೊಂದು ಪಾಪಕ್ಕೆ ಒಂದೊಂದು ಗುದ್ದು. ಅಷ್ಟೂ ಎದೆಗಳ ಸದ್ದು ಸೇರಿ ನೆಲ ಅದುರುವ ಹಾಗಿತ್ತು. ಅವಳು ನನ್ನ ಕಿವಿಯಲ್ಲಿ ಅರ್ಥ ಹೇಳಿದಳು: ನಾವು ಸುಳ್ಳಾಡಿದೆವು, ನಾವು ಕದ್ದೆವು, ನಾವು ಕೈಯಿಂದ ಹಿಂಸೆ ಮಾಡಿದೆವು.

"ನೀನು ಕದ್ದಿದ್ದೀಯಾ?" ಎಂದೆ ಮೆಲ್ಲಗೆ.

"ಇಲ್ಲ. ಇಲ್ಲಿ ಯಾರೋ ಒಬ್ಬ ಕದ್ದಿರ್ತಾನೆ. ಅವನೊಬ್ಬನೇ ಹೇಳಬೇಕಾದ್ರೆ ಬಾಯಿ ಬರಲ್ಲ. ಅದಕ್ಕೇ ಎಲ್ಲರೂ ನಾವು ಅಂತೀವಿ."

ಕೈಯಿಂದ ಹಿಂಸೆ ಎಂಬ ಮಾತು ಬಂದಾಗ ನನ್ನ ಕೈ ತಾನಾಗಿ ಎದ್ದಿತು. ಆದರೆ ಹೋದದ್ದು ಕೆನ್ನೆಗೆ. ಗುಡಿಯಲ್ಲಿ ಬಡಿದುಕೊಳ್ಳುವ ಹಾಗೆ ಎರಡೂ ಕೆನ್ನೆಗೆ ತಟ್ಟಿಕೊಂಡು ತಪ್ಪಾಯ್ತು ತಪ್ಪಾಯ್ತು ಎಂದುಬಿಟ್ಟೆ. ಮುಂದಿನ ಸಾಲಿನ ಗಂಡಸರು ತಿರುಗಿ ನೋಡಿದರು. ಮುದುಕಿ ನನ್ನ ಕೈ ಹಿಡಿದೆಳೆದು, ಮುಷ್ಟಿ ಮಡಿಸಿ, ಎದೆಯ ಮೇಲಿಟ್ಟಳು.

"ಇಲ್ಲಿ. ನೋವಾಗೋ ಹಾಗೆ."

ಗುದ್ದಿಕೊಂಡೆ. ಬಳೆ ತಾಳಿಬೊಟ್ಟಿದ್ದ ಜಾಗಕ್ಕೆ ಒತ್ತಿತು. ಗುರುತಿಲ್ಲದ ಅಷ್ಟೊಂದು ಜನ ನನ್ನ ಏಟನ್ನು ತಮ್ಮದೆಂದು ಹೇಳಿಕೊಂಡು ಎದೆ ಬಡಿದುಕೊಳ್ಳುತ್ತಿದ್ದರು. ನನಗೆ ನಾಚಿಕೆಯಾಯಿತು. ಅಷ್ಟು ದಿನದಲ್ಲಿ ಮೊದಲ ಸಲ.

ಸಂಜೆ ಅಳಿಯ ಬೇಸ್‌ಮೆಂಟಿನಿಂದ ಮೇಲೆ ಬಂದರು, ಸ್ನಾನ ಮಾಡಿ, ಒಂದೇ ಕೈಯಲ್ಲಿ ಹೇಗೋ ಜುಬ್ಬ ಹಾಕಿಕೊಂಡು. ನಮ್ಮ ಬಡಾವಣೆಯ ರಸ್ತೆ ಬದಿಯಲ್ಲಿ ಒಂದು ಜಾತಿಯ ಮರವಿದೆ. ಅದರ ಎಲೆ ಬನ್ನಿಯ ಹಾಗೇ ಸಣ್ಣದು, ಆ ಹೊತ್ತಿಗೆ ಹಳದಿ ತಿರುಗಿರುತ್ತದೆ. ಪ್ರತಿ ವರ್ಷ ಅವರು ಅದನ್ನೇ ಬನ್ನಿ ಎಂದು ಕೊಡುತ್ತಿದ್ದರು. ಮೊದಲು ನನ್ನ ಕಾಲಿಗೆ ಬಗ್ಗಿದರು. "ಬನ್ನಿ ತಗೊಂಡು ಬಂಗಾರದಂಗ ಇರೂಣು, ಅತ್ತೀ." ನಾನು ಎಲೆ ಕಣ್ಣಿಗೊತ್ತಿಕೊಂಡೆ. ಎಷ್ಟು ಸುಲಭವಾಗಿತ್ತು ಅದು. ಆಮೇಲೆ, ಆಗತಾನೇ ಡ್ಯೂಟಿ ಮುಗಿಸಿ ಬಂದು ನಿಂತಿದ್ದ ಮಗಳ ಮುಂದೆ ಕೈ ಚಾಚಿದರು.

"ಯಾವುದಕ್ಕೆ ಇದು?"

"ಬನ್ನಿ."

"ಬನ್ನಿ ಅಂತ ಗೊತ್ತು. ಯಾವುದಕ್ಕೆ ಕೊಡ್ತಿದೀರಾ?"

"ಹಬ್ಬಕ್ಕ."

"ಊದಿದ ಮುಖ ಇಟ್ಕೊಂಡು ಲ್ಯಾಬಿಗೆ ಹೋದೆ. ಬಾಗಿಲಿಗೆ ಹೊಡ್ಕೊಂಡೆ ಅಂದೆ. ಎಲ್ಲರೂ ನಂಬಿದ ಹಾಗೆ ಆಡಿದ್ರು. ಏನು ಮಾಡಿದ್ರಿ ಅಂತ ಹೇಳಿ, ತಗೋತೀನಿ."

"ಹಬ್ಬದ ದಿನ ಅದನ್ಯಾಕ ತಗೀತಿ?"

ಅವಳು ಎಲೆ ಕಿತ್ತುಕೊಂಡು ಅವರ ಮುಖಕ್ಕೆ ಉಜ್ಜಿದಳು. ಹಳದಿ ಪುಡಿ ಮೀಸೆಗೂ ಹುಬ್ಬಿಗೂ ಅಂಟಿತು. ಅವರ ಕೈ ಎದ್ದಿತು, ಪ್ಲಾಸ್ಟರಿನ ಕೈ. ನಡುವೆ ತಡೆದು, ಪಕ್ಕಕ್ಕೆ ತಿರುಗಿ, ಗೋಡೆಗೆ ಗುದ್ದಿದರು. ರಟ್ಟಿನಂಥ ಅಮೆರಿಕದ ಗೋಡೆ, ತೂತಾಯಿತು. ಪ್ಲಾಸ್ಟರ್ ಬಿರುಕು ಬಿಟ್ಟು, ಅವರು ನೋವಿಗೆ ಪ್ರಾಣಿಯ ಹಾಗೆ ಕೂಗಿದರು. ನಾನು ಆಗಲೇ ಅಡುಗೆಮನೆಯಲ್ಲಿ ಲಟ್ಟಣಿಗೆ ಇಡುವ ಡ್ರಾಯರ್ ಎಳೆದಾಗಿತ್ತು.

"ಅಮ್ಮ, ಬೇಡ," ಎಂದಳು ಮಗಳು. ನನ್ನ ಕಡೆ ನೋಡದೆಯೇ ಹೇಳಿದಳು. ಹೋಗಿ ಅವರ ಸೂಟ್‌ಕೇಸ್ ಇಳಿಸಿ ತಂದು ಹಾಲಿನಲ್ಲಿಟ್ಟಳು.

ಆ ಮಾರನೆಯ ದಿನದಿಂದ ಪಕ್ಕದ ಹಿತ್ತಲಿನಲ್ಲಿ ಗುಡಿಸಲು ಏಳತೊಡಗಿತು. ಉಪವಾಸ ಮುಗಿದು ಐದು ದಿನಕ್ಕೆ ಅವರ ಇನ್ನೊಂದು ಹಬ್ಬ, ಸುಕ್ಕೋತ್. ಹಿಂದೆ ಕಾಡಿನಲ್ಲಿ ಅಲೆದಿದ್ದರ ನೆನಪಿಗೆ ವಾರವಿಡೀ ಗುಡಿಸಲಿನಲ್ಲಿ ಊಟ. ಪೈಪು, ಹಲಗೆ, ಸುತ್ತ ಬಟ್ಟೆ, ಮೇಲೆ ಕಡಿದ ಕೊಂಬೆಗಳು; ನಮ್ಮ ಮದುವೆ ಮನೆಯ ಹಸಿರು ಚಪ್ಪರವನ್ನು ಹಿತ್ತಲಿಗೆ ತಂದಿಟ್ಟ ಹಾಗಿತ್ತು. ಮುದುಕಿ ಒಬ್ಬಳೇ ಏಣಿ ಹತ್ತುವುದನ್ನು ಕಂಡು ಅಳಿಯ ಹೋದರು. ಮನೆಯಿಂದ ಹೊರಗಿರಲು ಅವರಿಗೂ ಒಂದು ನೆಪ ಬೇಕಿತ್ತು. ಎಡಗೈಯಲ್ಲಿ ಸ್ಕ್ರೂ ತಿರುಗಿಸುತ್ತಾ, ಮೂಲೆ ಮೂಲೆಗೆ ಅಡ್ಡಪಟ್ಟಿ ಹೊಡೆಯುತ್ತೇನೆ ಎಂದರಂತೆ. ಬೇಡ, ಅಷ್ಟು ಗಟ್ಟಿ ಮಾಡಬೇಡ, ಇದು ಗಾಳಿಗೆ ಅಲುಗಾಡಬೇಕು ಎಂದಳಂತೆ ಅವಳು. "ಈ ಮುದುಕಿ ಹೇಳಿದಂಗ ಮಾಡಿದ್ರ ಇದು ಬೀಳ್ತದ್ರಿ," ಎಂದು ನನ್ನ ಹತ್ತಿರ ಗೊಣಗಿದರು.

ಹೊರಡುವ ಭಾನುವಾರ ಮಧ್ಯಾಹ್ನ ಅವಳು ನಮ್ಮನ್ನೆಲ್ಲ ಅಲ್ಲಿಗೆ ಊಟಕ್ಕೆ ಕರೆದಳು. ಸೂಟ್‌ಕೇಸ್ ಆಗಲೇ ಕಾರಿನ ಡಿಕ್ಕಿಯಲ್ಲಿತ್ತು. ನಾನು ಹಣ್ಣು ಮಾತ್ರ ಒಯ್ದಿದ್ದೆ. ಅವಳ ಮಡಿ ನನ್ನ ಮಡಿಗಿಂತ ಒಂದು ಕೈ ಮೇಲು, ನಮ್ಮ ಪಾತ್ರೆ ಅವಳ ಮೇಜಿಗೆ ಬರುವಂತಿಲ್ಲ. ಐದು ಜನ ಸ್ವೆಟರ್ ಹಾಕಿಕೊಂಡು, ಬಿಸಿ ತರಕಾರಿ ಸೂಪಿನ ಸುತ್ತ ಕೂತೆವು. ಮುದುಕಿ ಅಳಿಯನ ಹೊಸ ಪ್ಲಾಸ್ಟರ್ ನೋಡಿ, ಕೈ ಹೇಗಿದೆ ಎಂದು ಕೇಳಿದಳು.

"ಬಿದ್ದದ್ದಲ್ಲವೇ, ನಿಧಾನಕ್ಕೆ ವಾಸಿಯಾಗುತ್ತದೆ," ಎಂದರು ಇಂಗ್ಲಿಷಿನಲ್ಲಿ.

ನಾನು ಚಮಚ ಕೆಳಗಿಟ್ಟೆ. ಹದಿನೈದು ದಿನದಿಂದ ನಾಲಿಗೆಯ ಮೇಲಿದ್ದದ್ದು ಆಗ ಹೊರಬಂತು.

"ನೀವು ಬಿದ್ದದ್ದಲ್ಲ. ನಾನು ಲಟ್ಟಣಿಗೇಲಿ ಹೊಡೆದದ್ದು. ಮೊದಲನೇ ಏಟು ಇವಳಿಗೆ ಇನ್ನೊಂದು ಬೀಳದೇ ಇರಲಿ ಅಂತ. ಅದಕ್ಕೆ ನಾನು ತಪ್ಪಾಯ್ತು ಅನ್ನಲ್ಲ. ಎರಡನೇದು ನೀವು ಕೆಳಗೆ ಕೂತಮೇಲೆ ಹೊಡೆದೆ. ಅದು ಬೇಕಿರಲಿಲ್ಲ. ಮೂಳೆ ಮುರಿದ ಸದ್ದು ಕೇಳಿದಾಗ ನಂಗೆ ಸುಖ ಆಯ್ತು. ಅದು ತಪ್ಪು. ನಿಮ್ಮನ್ನ ಕ್ಷಮೆ ಕೇಳ್ತಿದೀನಿ."

ಅವರ ಮುಖ ಕಪ್ಪಿಟ್ಟಿತು. "ಮಂದಿ ಮುಂದ ಯಾಕ್ರೀ ಇದೆಲ್ಲಾ," ಎಂದು ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು. ಎಡಗೈ ಮುಷ್ಟಿ ಕಟ್ಟಿ ಪಕ್ಕದ ಕಂಬಕ್ಕೆ ಗುದ್ದಿದರು.

ತಾವೇ ಎಡಗೈಯಲ್ಲಿ ಸ್ಕ್ರೂ ತಿರುಗಿಸಿದ್ದ ಕಂಬ ಅದು. ಮೊದಲು ಆ ಮೂಲೆ ಬಗ್ಗಿತು, ಆಮೇಲೆ ಇಡೀ ಚಪ್ಪರ ನಮ್ಮ ಮೇಲೆ ಮಲಗಿತು. ಕೊಂಬೆ, ಜೋಳದ ದಂಟು, ಹಲಗೆ, ಬಟ್ಟೆ. ಸೂಪು ನನ್ನ ಸೀರೆಯ ಮೇಲೆ ಹರಿಯಿತು. ಒಂದು ಹಲಗೆ ಮಗಳ ಹಣೆ ಗೀರಿ ಹೋಯಿತು. ಮೊಮ್ಮಗಳು ಮೇಜಿನ ಕೆಳಗಿನಿಂದ "ಐ ಆಮ್ ಓಕೆ," ಎಂದು ಎರಡು ಸಲ ಕೂಗಿದಳು. ಆಮೇಲೆ ಯಾರೂ ಅಲುಗಾಡಲಿಲ್ಲ. ಎಲೆಗಳ ಕೆಳಗೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ.

ಅಲ್ಲಿಂದ ಅಳಿಯನ ದನಿ ಬಂತು.

"ನಾ ನಿನಗ ಹೊಡದೆ. ಕೆನ್ನಿಗೆ, ಬಲಗೈಲೆ. ಮತ್ತೊಂದು ಹೊಡ್ಯಾಕ ಕೈ ಎತ್ತಿದ್ದೆ. ಸಿಟ್ಟು ಆ ಇಂಟರ್ವ್ಯೂದ ಹುಡುಗನ ಮ್ಯಾಲೆ ಅಲ್ಲ. ದಿನಾ ಮುಂಜಾನೆ ನೀ ಕೆಲಸಕ್ಕ ಹೋಗೂ ಮುಂದ, ನಾ ಬಾಗಲಾ ಹಾಕ್ಕೊಂಡು ಒಳಗ ಬರ್ತೇನಲ್ಲ, ಆವಾಗಿಂದನ ಹೊಡೀಬೇಕು ಅನಸ್ತಿತ್ತು. ಹೊಡದಾಗ ಹಗುರ ಆತು ನನಗ. ಮಗಳು ನೋಡಾಕತ್ತಿದ್ಲು, ಅದೂ ಗೊತ್ತಿತ್ತು."

"ಏನಂದ ಅವನು?" ಎಂದಳು ಮುದುಕಿ, ಕೊಂಬೆಗಳ ಆ ಕಡೆಯಿಂದ. ನಾನು ಒಂದೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ.

"ಸರಿಯಾಗಿ ಹೇಳಿದಾನೆ," ಎಂದಳು. "ಈಗ ಯಾರಾದ್ರೂ ಈ ಹಲಗೆ ನನ್ನ ಕಾಲ ಮೇಲಿಂದ ತೆಗೀರಿ."

ಎಲ್ಲರೂ ಹೊರಗೆ ಬಂದು ಹುಲ್ಲಿನ ಮೇಲೆ ನಿಂತೆವು. ಮಗಳ ಹಣೆಯಿಂದ ರಕ್ತ ಇಳಿಯುತ್ತಿತ್ತು, ಕೂದಲಿನಲ್ಲಿ ಎಲೆಗಳಿದ್ದವು. ಅಳಿಯ ಅವಳ ಎದುರು ನಿಂತು ಕಾದರು. ನಾನೂ ಕಾದೆ. ಈಗ ಸೂಟ್‌ಕೇಸ್ ಇಳಿಸಿ ಎನ್ನುತ್ತಾಳೆ ಎಂದು ನನಗೆ ಖಂಡಿತವಾಗಿ ಅನ್ನಿಸಿತ್ತು.

"ಕೇಳಿಸ್ತು," ಎಂದಳು ಅವಳು. "ಇದನ್ನ ಹೇಳಲಿ ಅಂತಲೇ ಕಾಯ್ತಿದ್ದೆ. ಆದ್ರೆ ಶಿಕಾಗೋಗೆ ಹೋಗೋದು ಹೋಗೋದೇ. ಈಗ ನೀವು ಕಂಬಕ್ಕೆ ಕೈ ಎತ್ತಿದಾಗ ನಾನು ತಲೆ ಮುಚ್ಕೊಂಡೆ. ಚಪ್ಪರ ಬೀಳೋಕೆ ಮುಂಚೆ."

"ಆತು," ಎಂದರು ಅಳಿಯ. ಅವರು ವಾದ ಮಾಡದೆ ಒಪ್ಪಿಕೊಂಡ ಮೊದಲ ಮಾತು ಅದಿರಬೇಕು. ನನ್ನ ಕಡೆ ತಿರುಗಿ, "ಅತ್ತೀ, ನಿಮ್ಮದೂ ಕೇಳಿಸೇದ. ಈಗ ಏನೂ ಹೇಳಾಕ ಆಗೂದಿಲ್ಲ," ಎಂದರು. ಅದೂ ನ್ಯಾಯವೇ.

ಐದು ತಾಸಿನ ದಾರಿ. ಅವರಣ್ಣನ ಮನೆ ಲೆಮಾಂಟ್‌ನ ದೇವಸ್ಥಾನದಿಂದ ಎರಡು ಮೈಲಿ. ಕತ್ತಲಾಗುವ ಹೊತ್ತಿಗೆ ತಲುಪಿದೆವು. ಬಾಗಿಲಲ್ಲಿ ಅಣ್ಣ, ಹಣೆಗೆ ಬ್ಯಾಂಡೇಜು ಹಾಕಿದ ನನ್ನ ಮಗಳನ್ನೂ ಕೈಗೆ ಪ್ಲಾಸ್ಟರ್ ಹಾಕಿದ ತಮ್ಮನನ್ನೂ ನೋಡಿ, "ಏನಾತೋ?" ಎಂದ. ಅಳಿಯ ಹೊಸಿಲ ಮೇಲೇ ನಿಂತು, ಅಣ್ಣನ ಹೆಂಡತಿಯೂ ಕೇಳುವ ಹಾಗೆ, ಇನ್ನೊಂದು ಸಲ ಎಲ್ಲವನ್ನೂ ಹೇಳಿದರು. ಅಲ್ಲಿ ಯಾವ ಎಲೆಯ ಮರೆಯೂ ಇರಲಿಲ್ಲ.

ಅವರು ವಾಪಸ್ಸು ಬಂದದ್ದು ಏಪ್ರಿಲ್‌ನಲ್ಲಿ, ಮಗಳು ತಾನಾಗಿ ಕರೆದ ಮೇಲೆ. ಆ ಆರು ತಿಂಗಳು ಫೋನಿನಲ್ಲಿ ಏನೇನು ಮಾತಾಡಿಕೊಂಡರೋ ಅದು ಅವರಿಬ್ಬರದು. ನಾನು ಬರೆಯಬೇಕಾದದ್ದು ಅವರನ್ನು ಅಲ್ಲಿ ಬಿಟ್ಟ ಮಾರನೆಯ ದಿನ ನಾವು ಮೂವರೇ ವಾಪಸ್ಸು ಬಂದ ದಾರಿಯ ವಿಷಯ. ಮೊಮ್ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಕಲಮಜೂ ಎಂಬ ಊರು ದಾಟಿತ್ತು. ಮಗಳು ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಕೇಳಿದಳು.

"ಅಮ್ಮ, ಅಪ್ಪ ನಿಂಗೆ ಹೊಡೀತಿದ್ರಾ?"

ನನ್ನ ಯಜಮಾನರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಹತ್ತು ಊರಿನವರಿಂದ ದೇವರಂಥ ಮನುಷ್ಯ ಎನ್ನಿಸಿಕೊಂಡವರು. ಇಲ್ಲ ಎಂದಿದ್ದರೆ ಅವಳು ಮತ್ತೆ ಕೇಳುತ್ತಿರಲಿಲ್ಲ.

"ಹೊಡೀತಿದ್ರು," ಎಂದೆ.

"ಬಚ್ಚಲಲ್ಲಿ ಜಾರಿದೆ ಅಂತಿದ್ದೆ ನೀನು."

"ನಮ್ಮ ಬಚ್ಚಲು ಯಾವಾಗ್ಲೂ ಒಣಗೇ ಇರ್ತಿತ್ತು."

ಅವಳಿಗೆ ನಗು ಬಂತು. ನಗುತ್ತಾ ಒಂದು ಕೈಯಲ್ಲಿ ಕಣ್ಣೊರೆಸಿಕೊಂಡಳು. "ಯಾವುದರಲ್ಲಿ?" ಎಂದಳು.

"ಕೈಯಲ್ಲಿ. ಒಂದು ಸಲ ಛತ್ರೀಲಿ. ನೀನು ಹೊಟ್ಟೇಲಿದ್ದಾಗ ಒಂದು ಸಲ, ಹಾಲು ಉಕ್ಕಿದ್ದಕ್ಕೆ."

ಆಮೇಲೆ ಒಂದೊಂದನ್ನೇ ಹೇಳಿದೆ. ಯಾವ ಮನೆ, ಯಾವ ಕೋಣೆ, ಎಡಗಡೆಯೋ ಬಲಗಡೆಯೋ, ಆಗ ಒಲೆಯ ಮೇಲೆ ಏನಿತ್ತು. ಇಷ್ಟು ವರ್ಷ ಯಾರಿಗೂ ಹೇಳದೆ ಇದ್ದರೂ ಒಂದೂ ಮಾಸಿರಲಿಲ್ಲ. ಅವಳು ಅಯ್ಯೋ ಎನ್ನಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಎಪ್ಪತ್ತು ಮೈಲಿಯ ಸ್ಪೀಡಿನಲ್ಲಿ, ಎಲ್ಲವನ್ನೂ ಕೇಳಿಸಿಕೊಂಡಳು.

ನಮ್ಮ ಮನೆಯ ಎಕ್ಸಿಟ್ಟಿನ ಬೋರ್ಡು ಕಾಣಿಸಿತು.

"ಇನ್ನೂ ಇದೆಯಾ?" ಎಂದಳು.

"ಇದೆ," ಎಂದೆ.

ಅವಳು ಎಕ್ಸಿಟ್ ತೆಗೆದುಕೊಳ್ಳದೆ ಮುಂದಕ್ಕೆ ಓಡಿಸಿದಳು.